‘ಸಂಸ್ಕಾರ’: ಓದಿದ ವಿಡಂಬನೆ, ನೋಡಿದ ವಿಡಂಬನೆ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಪ್ರಕಟವಾದದ್ದು 1965ರಲ್ಲಿ. ಐದು ವರ್ಷಗಳ ಮೇಲೆ, 1970ರಲ್ಲಿ, ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಸಿನಿಮಾ ಮಾಡಿದರು. ಕಾದಂಬರಿ ಓದುಗರ ಕೈಸೇರಿದಾಗ ಚರ್ಚೆ ನಡೆಯಿತು, ಆಕ್ಷೇಪಗಳೂ ಬಂದವು. ಆದರೆ ಪುಸ್ತಕವನ್ನು ಯಾರೂ ನಿಷೇಧಿಸಲಿಲ್ಲ. ಸಿನಿಮಾಕ್ಕೆ ಮದ್ರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರವನ್ನೇ ನಿರಾಕರಿಸಿತು. ಕಥೆ ಒಂದೇ, ಪಾತ್ರಗಳು ಅವೇ, ಅಗ್ರಹಾರವೂ ಅದೇ. ಓದುವಾಗ ಸಹಿಸಿಕೊಂಡದ್ದನ್ನು ನೋಡುವಾಗ ಸಹಿಸಿಕೊಳ್ಳಲು ಏಕೆ ಆಗಲಿಲ್ಲ? ಹಳೆಯ ಕಾಲವೊಂದನ್ನು ವಿಡಂಬಿಸುವ ಕಾದಂಬರಿ ತೆರೆಗೆ ಬಂದಾಗ ಏನೇನು ಬದಲಾಗುತ್ತದೆ ಎಂಬುದನ್ನು ಅರಿಯಲು ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ.

‘ಸಂಸ್ಕಾರ’ವನ್ನು ವಿಡಂಬನೆ ಎಂದು ಕರೆದರೆ ಕೆಲವರು ಒಪ್ಪುವುದಿಲ್ಲ. ವಿಮರ್ಶೆಯ ಬಹುಭಾಗ ಕಥಾನಾಯಕ ಪ್ರಾಣೇಶಾಚಾರ್ಯರ ಒಳತೋಟಿಯ ಸುತ್ತಲೇ ಬೆಳೆದಿದೆ. ಕಾದಂಬರಿಯ ಎರಡನೆಯ ಅರ್ಧಕ್ಕೆ ಆ ಓದು ಸರಿ. ಮೊದಲ ಅರ್ಧದಲ್ಲಿ ಮಾತ್ರ ಲೇಖಕರ ಕೈಯಲ್ಲಿರುವುದು ಹರಿತವಾದ ವಿಡಂಬನೆ. ದೂರ್ವಾಸಪುರ ಅಗ್ರಹಾರದ ನಾರಣಪ್ಪ ಶಿವಮೊಗ್ಗದಿಂದ ಜ್ವರ ಹೊತ್ತು ಬಂದು ಸಾಯುತ್ತಾನೆ. ಅವನು ಕುಡಿದವನು, ಮಾಂಸ ತಿಂದವನು, ಸಾಲಿಗ್ರಾಮವನ್ನು ತುಂಗೆಗೆ ಎಸೆದವನು, ಹೆಂಡತಿಯನ್ನು ಬಿಟ್ಟು ಚಂದ್ರಿಯೊಡನೆ ಬಾಳಿದವನು. ಆದರೂ ಅವನಿಗೆ ಬಹಿಷ್ಕಾರ ಆಗಿರಲಿಲ್ಲ. ಆದ್ದರಿಂದ ಅವನು ಸತ್ತದ್ದು ಬ್ರಾಹ್ಮಣನಾಗಿಯೇ. ಸುಟ್ಟರೆ ಸುಟ್ಟವರ ಬ್ರಾಹ್ಮಣ್ಯ ಕೆಡುತ್ತದೆ, ಸುಡದಿದ್ದರೆ ಊರಲ್ಲಿ ಯಾರೂ ಊಟ ಮಾಡುವ ಹಾಗಿಲ್ಲ. ಉತ್ತರಕ್ಕಾಗಿ ಎಲ್ಲರೂ ಪ್ರಾಣೇಶಾಚಾರ್ಯರ ಕಡೆ ನೋಡುತ್ತಾರೆ, ಪ್ರಾಣೇಶಾಚಾರ್ಯರು ತಾಳೆಗರಿಗಳ ಕಡೆ ನೋಡುತ್ತಾರೆ. ಅಷ್ಟರಲ್ಲಿ ಹೆಣ ನಾರತೊಡಗುತ್ತದೆ.

ಕಾದಂಬರಿಯ ವಿಡಂಬನೆಯ ತಿರುಳನ್ನು ಒಂದೇ ದೃಶ್ಯದಲ್ಲಿ ಹಿಡಿಯಬಹುದು. ಜಗಲಿಯ ಮೇಲೆ ಬ್ರಾಹ್ಮಣರು ಸೇರಿದ್ದಾರೆ. ಹೆಣದ ಹೊಣೆ ಎಲ್ಲಿ ತನ್ನ ತಲೆಗೆ ಬರುವುದೋ ಎಂದು ಗರುಡಾಚಾರ್ಯನಿಗೂ ಲಕ್ಷ್ಮಣಾಚಾರ್ಯನಿಗೂ ದಿಗಿಲು. ಆಗ ಚಂದ್ರಿ ಮೈಮೇಲಿನ ಒಡವೆಗಳನ್ನು ಬಿಚ್ಚಿ ಆಚಾರ್ಯರ ಮುಂದೆ ಇಡುತ್ತಾಳೆ, ಸಂಸ್ಕಾರದ ಖರ್ಚಿಗೆಂದು. ಆ ಕ್ಷಣದಿಂದ ಧರ್ಮಸೂಕ್ಷ್ಮದ ಪ್ರಶ್ನೆ ತಿರುವುಮುರುವಾಗುತ್ತದೆ. ಒಲ್ಲೆ ಎನ್ನುತ್ತಿದ್ದವರಿಗೆ ಈಗ ಆ ಕರ್ಮ ಇನ್ನೊಬ್ಬನ ಪಾಲಾದೀತೆಂಬ ಭಯ. ಲಕ್ಷ್ಮಣಾಚಾರ್ಯನ ಹೆಂಡತಿ ಅನಸೂಯೆಗೆ ಆ ಚಿನ್ನ ನ್ಯಾಯವಾಗಿ ತನ್ನ ತಂಗಿಗೆ ಸೇರಬೇಕಾದದ್ದು ಎಂಬ ಸಂಕಟ, ಏಕೆಂದರೆ ನಾರಣಪ್ಪ ಬಿಟ್ಟ ಹೆಂಡತಿ ಅವಳ ತಂಗಿಯೇ. ಯಾರೂ ಆಸೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರೂ ಶಾಸ್ತ್ರದ ಮಾತನ್ನೇ ಆಡುತ್ತಾರೆ. ಬಾಯಲ್ಲಿ ಶಾಸ್ತ್ರ, ಮನಸ್ಸಿನಲ್ಲಿ ಒಡವೆಯ ತೂಕ. ಇವೆರಡನ್ನೂ ಒಟ್ಟಿಗೆ ಕೇಳಿಸುವುದು ನಿರೂಪಕನ ದನಿ.

ದಾಸಾಚಾರ್ಯನ ಪಾತ್ರದಲ್ಲಿ ಆ ದನಿ ಇನ್ನಷ್ಟು ಕಟುವಾಗುತ್ತದೆ. ತಿಥಿ, ಶ್ರಾದ್ಧಗಳ ಊಟದಲ್ಲೇ ಹೊಟ್ಟೆ ಹೊರೆಯುವ ಬಡವನಿಗೆ, ಊರಲ್ಲಿ ಸಾವೊಂದು ಆದದ್ದರಿಂದಲೇ ಉಪವಾಸ ಬೀಳುತ್ತದೆ. ತಾಳಲಾರದೆ ಅವನು ಪಾರಿಜಾತಪುರದ ಸ್ಮಾರ್ತರ ಮನೆಗೆ ಹೋಗಿ ಗುಟ್ಟಾಗಿ ತಿಂಡಿ ತಿನ್ನುತ್ತಾನೆ. ಇಲ್ಲಿ ಅನಂತಮೂರ್ತಿಯವರು ಅವನನ್ನು ಹೀಗಳೆಯುವುದಿಲ್ಲ. ಹಸಿದವನ ಮೇಲೆ ನಗೆ ಬರುತ್ತದೆ, ಬಂದ ಬೆನ್ನಿಗೇ ಆ ನಗೆಗೆ ನಾಚಿಕೆಯೂ ಆಗುತ್ತದೆ. ಹೊಲೆಗೇರಿಯ ಕಥೆ ಇದರ ಪಕ್ಕದಲ್ಲೇ ಇದೆ. ಅಲ್ಲಿಯೂ ಜನ ಸಾಯುತ್ತಾರೆ. ಸತ್ತವರನ್ನು ಗುಡಿಸಲಿನ ಸಮೇತ ಸುಡುತ್ತಾರೆ, ಯಾವ ಶಾಸ್ತ್ರವನ್ನೂ ಕೇಳುವುದಿಲ್ಲ. ಊರಿನ ಒಂದು ತುದಿಯಲ್ಲಿ ಕೂಡಲೇ ನಡೆದುಹೋಗುವ ಕೆಲಸ ಇನ್ನೊಂದು ತುದಿಯಲ್ಲಿ ದಿನಗಟ್ಟಲೆ ನಡೆಯುವುದಿಲ್ಲ. ಲೇಖಕರು ಈ ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾರೆ. ಕಾದಂಬರಿಯ ಅತ್ಯಂತ ತೀಕ್ಷ್ಣ ಟೀಕೆ ಇರುವುದು ಈ ಜೋಡಣೆಯಲ್ಲಿ.

ಕಾದಂಬರಿ ಯಾವ ಇಸವಿಯದು ಎಂದು ಎಲ್ಲಿಯೂ ಹೇಳಿಲ್ಲ. ಕಾಲ ಗೊತ್ತಾಗುವುದು ಸಣ್ಣ ಗುರುತುಗಳಿಂದ: ಪ್ಲೇಗಿನ ಹಾವಳಿ, ಕಾಂಗ್ರೆಸ್ಸಿನ ಮಾತು, ಕಾಫಿ ಹೋಟೆಲು, ಮನೆ ಬಿಟ್ಟು ಸೈನ್ಯಕ್ಕೆ ಸೇರಿದ ಗರುಡಾಚಾರ್ಯನ ಮಗ. ಸ್ವಾತಂತ್ರ್ಯಪೂರ್ವದ ಮಲೆನಾಡು ಎಂದು ಓದುಗ ತಾನೇ ಲೆಕ್ಕ ಹಾಕಿಕೊಳ್ಳುತ್ತಾನೆ. ಪ್ರಾಣೇಶಾಚಾರ್ಯರು ಅಲೆದಾಡಿ ಸೇರುವ ಜಾತ್ರೆ ಮೇಳಿಗೆಯದು. ತೀರ್ಥಹಳ್ಳಿಯ ಬಳಿಯ ಆ ಊರಿನಲ್ಲೇ ಅನಂತಮೂರ್ತಿಯವರು 1932ರಲ್ಲಿ ಹುಟ್ಟಿದ್ದು. ಹಾಗಾಗಿ ಈ ಗತಕಾಲವನ್ನು ಅವರು ಗ್ರಂಥಾಲಯದಲ್ಲಿ ಹುಡುಕಬೇಕಾಗಿರಲಿಲ್ಲ.

ಈ ಕಾದಂಬರಿಯ ಹುಟ್ಟಿನಲ್ಲೇ ಒಂದು ಸಿನಿಮಾ ಇದೆ ಎಂಬುದು ಗಮನಾರ್ಹ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಅನಂತಮೂರ್ತಿಯವರು ತಮ್ಮ ಮಾರ್ಗದರ್ಶಕ, ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿಯವರೊಡನೆ ಇಂಗ್ಮಾರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದರು. 1957ರ ಆ ಚಿತ್ರದಲ್ಲಿ ಧರ್ಮಯುದ್ಧದಿಂದ ಮರಳಿದ ಯೋಧನೊಬ್ಬ ಪ್ಲೇಗು ಬಡಿದ ಸ್ವೀಡನ್ನಿನಲ್ಲಿ ಸಾವಿನೊಡನೆ ಚದುರಂಗ ಆಡುತ್ತಾನೆ. ಅಂದು ತೋರಿಸಿದ ಪ್ರತಿಯಲ್ಲಿ ಅಡಿಬರಹಗಳಿರಲಿಲ್ಲ. ಮಾತು ತಿಳಿಯದೆ, ಬರಿಯ ಮುಖಗಳನ್ನೂ ಚಲನೆಯನ್ನೂ ನೋಡಿದ್ದಾಗಿ ಅವರು ಮುಂದೆ ಹೇಳಿಕೊಂಡಿದ್ದಾರೆ. ಯುರೋಪಿನವನು ಮಧ್ಯಯುಗವನ್ನು ಓದಿ ಕಟ್ಟಿಕೊಳ್ಳಬೇಕು, ಭಾರತದ ಲೇಖಕನಿಗೆ ಅದು ತನ್ನ ಬಾಲ್ಯದಲ್ಲೇ ಇದೆ ಎಂಬ ಅರಿವು ಆ ಮಾತುಕತೆಯಿಂದ ಮೂಡಿತು. ಅಗ್ರಹಾರದ ಪ್ಲೇಗಿನ ನೆನಪು ಕಾದಂಬರಿಯಾದದ್ದು ಆ ಬಳಿಕ. ನೋಟದಿಂದ ಬರಹಕ್ಕೆ ಬಂದ ಕಥೆ ಹೀಗೆ ಮತ್ತೆ ನೋಟಕ್ಕೆ ಮರಳಿತು.

ಸಿನಿಮಾ ಮಾಡಿದವರಲ್ಲಿ ಹೆಚ್ಚಿನವರು ಚಿತ್ರೋದ್ಯಮದ ಒಳಗಿನವರಲ್ಲ. ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನವರು, ತೆಲುಗಿನ ನವ್ಯಕವಿ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾಗಿ ನಟಿಸಿದ ಗಿರೀಶ ಕಾರ್ನಾಡರು ಆಗ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿದ್ದು ಮದ್ರಾಸ್ ಪ್ಲೇಯರ್ಸ್ ತಂಡದ ನಾಟಕಗಳಲ್ಲಿ ತೊಡಗಿದ್ದರು. ರೆಡ್ಡಿ ದಂಪತಿಗಳ ಒಡನಾಟ ಬೆಳೆದದ್ದು ಅಲ್ಲಿಯೇ. ಚಂದ್ರಿಯ ಪಾತ್ರ ಪಟ್ಟಾಭಿರಾಮರ ಪತ್ನಿ ಸ್ನೇಹಲತಾ ರೆಡ್ಡಿಯವರದು, ನಾರಣಪ್ಪನ ಪಾತ್ರ ಪಿ. ಲಂಕೇಶರದು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್, ಕಲಾನಿರ್ದೇಶಕರು ಚಿತ್ರಕಾರ ಎಸ್.ಜಿ. ವಾಸುದೇವ್, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಚಿತ್ರೀಕರಣ ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ ನಡೆಯಿತು. ಹಾಡಿಲ್ಲ, ಬಣ್ಣವಿಲ್ಲ, ಸ್ಟುಡಿಯೋದ ಸೆಟ್ಟಿಲ್ಲ. ಕನ್ನಡದ ಅಗ್ರಹಾರವನ್ನು ಮೊದಲ ಬಾರಿ ಕಾಣುವ ವಿದೇಶಿ ಕಣ್ಣು ಕ್ಯಾಮೆರಾದ ಹಿಂದೆ ಇದ್ದದ್ದು ಚಿತ್ರಕ್ಕೆ ಲಾಭವೇ ಆಯಿತು. ಜಗಲಿ, ಕಂಬ, ಬಾವಿಕಟ್ಟೆ, ನೀರಿನಲ್ಲಿ ಅದ್ದಿ ಹಿಂಡಿದ ಪಂಚೆ, ಇವು ಯಾವುವೂ ಅದಕ್ಕೆ ಸಹಜವೆಂದು ತೋರಲಿಲ್ಲ. ಅದಕ್ಕಾಗಿಯೇ ನೋಡುಗನಿಗೂ ಅವು ಹೊಸದಾಗಿ ಕಾಣುತ್ತವೆ.

ಕಾದಂಬರಿಯ ವಿಡಂಬನೆಯನ್ನು ತೆರೆಗೆ ತರುವ ದೊಡ್ಡ ತೊಡಕು ನಿರೂಪಕನದು. ಪುಟದ ಮೇಲೆ ನಿರೂಪಕ ಒಬ್ಬನ ತಲೆಯೊಳಗೆ ಹೊಕ್ಕು ಅವನ ಆಸೆಯನ್ನು ಹೇಳಿ, ಮರುವಾಕ್ಯದಲ್ಲೇ ಅವನ ಬಾಯಿಮಾತನ್ನು ಕೊಡಬಲ್ಲ. ಕ್ಯಾಮೆರಾಕ್ಕೆ ಕಾಣುವುದು ಮುಖ ಮಾತ್ರ. ಜಗತ್ತಿನ ಸಿನಿಮಾ ಇದಕ್ಕೆ ಬೇರೆಬೇರೆ ದಾರಿ ಹುಡುಕಿದೆ. ಹೆನ್ರಿ ಫೀಲ್ಡಿಂಗ್‌ನ 1749ರ ಕಾದಂಬರಿ ‘ಟಾಮ್ ಜೋನ್ಸ್’ 1963ರಲ್ಲಿ ಚಿತ್ರವಾದಾಗ ನಿರ್ದೇಶಕ ಟೋನಿ ರಿಚರ್ಡ್‌ಸನ್ ನಿರೂಪಕನ ದನಿಯನ್ನು ಹಾಗೆಯೇ ಉಳಿಸಿಕೊಂಡ. ಪಾತ್ರಗಳು ನಡುವೆಯೇ ತಿರುಗಿ ಪ್ರೇಕ್ಷಕರ ಕಡೆ ನೋಡುವಂತೆ ಮಾಡಿದ. ಪ್ರೇಮಚಂದರ ಸಣ್ಣಕಥೆಯಿಂದ ಸತ್ಯಜಿತ್ ರಾಯ್ 1977ರಲ್ಲಿ ಮಾಡಿದ ‘ಶತರಂಜ್ ಕೇ ಖಿಲಾಡಿ’ಯಲ್ಲಿ 1856ರ ಲಖನೌ ಕುಸಿಯುತ್ತಿರುವಾಗ ಇಬ್ಬರು ಶ್ರೀಮಂತರು ಚದುರಂಗದಲ್ಲಿ ಮುಳುಗಿರುತ್ತಾರೆ. ಅಲ್ಲಿ ಅಮಿತಾಭ್ ಬಚ್ಚನ್‌ರ ದನಿ ಕಥೆ ಹೇಳುತ್ತದೆ, ಇತಿಹಾಸದ ಭಾಗಕ್ಕೆ ವ್ಯಂಗ್ಯಚಿತ್ರದ ಚಲನೆ ಬರುತ್ತದೆ. ಇಬ್ಬರು ನಿರ್ದೇಶಕರೂ ಲೇಖಕನ ನಗೆಯನ್ನು ಧ್ವನಿಪಟ್ಟಿಗೆ ವರ್ಗಾಯಿಸಿದರು.

‘ಸಂಸ್ಕಾರ’ ಚಿತ್ರ ಆ ದಾರಿ ಹಿಡಿಯಲಿಲ್ಲ. ವಿಡಂಬನೆಯ ಹೊಣೆಯನ್ನು ಅದು ಮುಖಗಳಿಗೂ ಮೌನಕ್ಕೂ ವಹಿಸಿತು. ಒಡವೆಯ ದೃಶ್ಯವನ್ನೇ ತೆಗೆದುಕೊಳ್ಳಬಹುದು. ಕಾದಂಬರಿಯಲ್ಲಿ ಒಬ್ಬೊಬ್ಬರ ಆಸೆಯೂ ಬೇರೆಬೇರೆ ವಾಕ್ಯದಲ್ಲಿ, ಒಂದಾದ ಮೇಲೆ ಒಂದು ಬರುತ್ತದೆ. ತೆರೆಯ ಮೇಲೆ ನೆಲದ ಮೇಲಿನ ಚಿನ್ನ ಮತ್ತು ಸುತ್ತ ನಿಂತವರ ಕಣ್ಣು ಒಂದೇ ಏಟಿಗೆ ಎದುರಾಗುತ್ತವೆ. ಯಾರೂ ಏನನ್ನೂ ವಿವರಿಸಬೇಕಿಲ್ಲ. ಆದರೆ ಇದರಿಂದ ಒಂದು ನಷ್ಟವೂ ಆಗಿದೆ. ಓದುವಾಗ ಗರುಡನ ಆಸೆ ಬೇರೆ, ಲಕ್ಷ್ಮಣನ ಆಸೆ ಬೇರೆ. ಒಬ್ಬನಿಗೆ ಮಗನ ಚಿಂತೆ, ಇನ್ನೊಬ್ಬನಿಗೆ ಹೆಂಡತಿಯ ಕಾಟ. ನೋಡುವಾಗ ಅವರೆಲ್ಲ ಒಂದು ಗುಂಪಾಗುತ್ತಾರೆ. ವ್ಯಕ್ತಿಗಳ ಮೇಲಿದ್ದ ವಿಡಂಬನೆ ತೆರೆಗೆ ಬರುವಾಗ ಸಮುದಾಯದ ಮೇಲಿನ ವಿಡಂಬನೆಯಾಗಿಬಿಡುತ್ತದೆ. ಚಿತ್ರದ ಶಕ್ತಿಯೂ ಅದರ ಮೇಲೆ ಎದ್ದ ಗದ್ದಲವೂ ಒಂದೇ ಬೇರಿನಿಂದ ಬಂದವು.

ನಾರಣಪ್ಪನ ವಿಷಯದಲ್ಲಿ ಬದಲಾವಣೆ ಇನ್ನೂ ದೊಡ್ಡದು. ಕಾದಂಬರಿಯಲ್ಲಿ ಅವನು ಸತ್ತೇ ಪ್ರವೇಶಿಸುತ್ತಾನೆ. ಅವನ ಬದುಕು ಇತರರ ನೆನಪಿನಲ್ಲಿ ತುಣುಕು ತುಣುಕಾಗಿ ಕಾಣುತ್ತದೆ. ಚಿತ್ರದಲ್ಲಿ ಅದೇ ನೆನಪುಗಳಿಗೆ ಲಂಕೇಶರ ಮೈಕಟ್ಟು, ದನಿ, ಧಾಡಸಿತನ ಬಂದು ಸೇರುತ್ತವೆ. ಆ ಹೊತ್ತಿಗೇ ಅವರು ಕಥೆಗಾರರಾಗಿ ಹೆಸರಾಗಿದ್ದರು. ಮುಂದೆ ತಮ್ಮದೇ ಕಾದಂಬರಿ ‘ಬಿರುಕು’ವನ್ನು 1976ರಲ್ಲಿ ‘ಪಲ್ಲವಿ’ ಎಂದು ತೆರೆಗೆ ತಂದರು, 1980ರಲ್ಲಿ ಪತ್ರಿಕೆ ಹೊರಡಿಸಿದರು. ಇಂದಿನ ಪ್ರೇಕ್ಷಕ ನಾರಣಪ್ಪನನ್ನು ನೋಡುವಾಗ ಆ ಲಂಕೇಶರನ್ನೂ ನೋಡದೆ ಇರಲಾರ. ಹೆಣವಾಗಿ ಬಿದ್ದವನೇ ಊರಿನಲ್ಲಿ ಅತಿ ಹೆಚ್ಚು ಜೀವಂತನಾಗಿದ್ದವನು ಎಂಬ ಕಾದಂಬರಿಯ ಸೂಚನೆ ಚಿತ್ರದಲ್ಲಿ ಎದ್ದು ಕಾಣುವ ಸತ್ಯವಾಗುತ್ತದೆ.

ಚಿತ್ರ ಸೋಲುವ ಕಡೆಯೂ ಉಂಟು. ಕಾಡಿನ ಕತ್ತಲಲ್ಲಿ ಚಂದ್ರಿಯ ಸಂಗವಾದ ಮೇಲೆ, ಹೆಂಡತಿ ಭಾಗೀರಥಿಯ ಸಾವಿನ ಮೇಲೆ, ಪ್ರಾಣೇಶಾಚಾರ್ಯರು ಊರು ಬಿಟ್ಟು ಹೊರಡುತ್ತಾರೆ. ದಾರಿಯಲ್ಲಿ ಪುಟ್ಟ ಎಂಬವನು ಗಂಟುಬೀಳುತ್ತಾನೆ. ಕಾದಂಬರಿಯ ಈ ಭಾಗದ ಬಹುಪಾಲು ಒಳಮಾತು. ಸೂತಕದಲ್ಲಿದ್ದು ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕುಳಿತಾಗ, ಯಾರಾದರೂ ಗುರುತು ಹಿಡಿದಾರೆಂಬ ಅವರ ಭಯ ಪುಟಗಟ್ಟಲೆ ಹರಿಯುತ್ತದೆ. ಇನ್ನೊಬ್ಬರ ಆಷಾಢಭೂತಿತನವನ್ನು ಇಷ್ಟು ಹೊತ್ತು ನೋಡಿದ ಓದುಗ ಈಗ ಜ್ಞಾನಿಯೊಬ್ಬನ ಸೋಗನ್ನು ಒಳಗಿನಿಂದ ಅನುಭವಿಸುತ್ತಾನೆ. ರೋಗಿಷ್ಠೆಯನ್ನು ಮದುವೆಯಾದ ತ್ಯಾಗದಲ್ಲೂ ಅಹಂಕಾರವಿತ್ತು ಎಂಬುದು ಅಲ್ಲಿ ಬಿಚ್ಚಿಕೊಳ್ಳುತ್ತದೆ. ಕಾರ್ನಾಡರ ಮುಖ ಆ ತಳಮಳವನ್ನು ಸೂಚಿಸುತ್ತದೆ, ಬಿಚ್ಚಿಡಲಾರದು. ಜಾತ್ರೆ, ಕೋಳಿಅಂಕ, ಕಾಫಿ ಹೋಟೆಲುಗಳು ಕಣ್ಣಿಗೆ ತುಂಬುತ್ತವೆ, ಮನಸ್ಸಿನ ಕಥೆ ಹಿಂದೆ ಬೀಳುತ್ತದೆ. ಕಾದಂಬರಿಯನ್ನು ಓದದೆ ಚಿತ್ರ ನೋಡಿದವರಿಗೆ ಈ ಭಾಗ ನಿಧಾನವೆನಿಸಿದರೆ ಅದು ಅವರ ತಪ್ಪಲ್ಲ.

ಇನ್ನು ಸೆನ್ಸಾರಿನ ಸಂಗತಿ. ಜಾತಿ ಜಾತಿಗಳ ನಡುವೆ ಕೆರಳಿಕೆ ಉಂಟಾದೀತೆಂದು ಮದ್ರಾಸಿನ ಮಂಡಳಿ ಚಿತ್ರವನ್ನು ತಡೆಯಿತು. ವಿಷಯ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದವರೆಗೆ ಹೋಗಿ, ಅಲ್ಲಿ ತಡೆ ತೆರವಾಯಿತು. ತಡೆ ಕಂಡ ಅದೇ ಚಿತ್ರಕ್ಕೆ 1970ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ಬಂತು. ಆ ಮನ್ನಣೆ ಪಡೆದ ಮೊದಲ ಕನ್ನಡ ಚಿತ್ರ ಅದು. 1972ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲೂ ಅದಕ್ಕೆ ಕಂಚಿನ ಚಿರತೆ ಪ್ರಶಸ್ತಿ ದೊರೆಯಿತು.

ತಡೆಯ ಕಾರಣ ವಿಚಾರ ಮಾಡುವಂಥದು. ಕಾದಂಬರಿಯನ್ನು ಓದುವವನು ಒಬ್ಬನೇ. ನಕ್ಕರೂ ಸಿಟ್ಟಾದರೂ ಅವನ ಮನೆಯೊಳಗೆ. ಪುಸ್ತಕ ಮುಚ್ಚಿಡಬಹುದು, ಒಪ್ಪದ ಪುಟವನ್ನು ಮತ್ತೆ ಓದಿ ಲೇಖಕನ ಜೊತೆ ವಾದಿಸಬಹುದು. ಚಿತ್ರಮಂದಿರದಲ್ಲಿ ನೂರಾರು ಜನ ಒಟ್ಟಿಗೆ ಕೂತಿರುತ್ತಾರೆ. ಪಕ್ಕದ ಕುರ್ಚಿಯವನು ಬೇರೆ ಜಾತಿಯವನು. ಅವನು ನಗುವ ಸದ್ದು ಕೇಳಿಸುತ್ತದೆ. ತನ್ನವರ ಮೇಲೆ ತನ್ನವನೇ ಬರೆದ ಟೀಕೆ ಆಗ ಪರರ ಮುಂದೆ ಆದ ಅವಮಾನದಂತೆ ಕಾಣಬಹುದು. ಅಕ್ಷರ ಬಲ್ಲವರ ನಡುವೆ ಉಳಿದಿದ್ದ ಪ್ರಶ್ನೆ ಅಕ್ಷರ ಬಾರದವರಿಗೂ ತಲುಪುತ್ತದೆ. ಸೆನ್ಸಾರ್ ಮಂಡಳಿಗೆ ಹೆದರಿಕೆ ಹುಟ್ಟಿಸಿದ್ದು ಈ ಒಟ್ಟು ನೋಟ. ಹೆದರಿಕೆ ಹುಸಿ ಎಂಬುದನ್ನು ಮುಂದಿನ ವರ್ಷಗಳು ತೋರಿಸಿಕೊಟ್ಟವು. ಚಿತ್ರ ಬಿಡುಗಡೆಯಾಯಿತು, ಚರ್ಚೆಯಾಯಿತು. ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’ ಎಂದು ಕಾದಂಬರಿ, ಕಥೆಗಳನ್ನು ನೆಚ್ಚಿದ ಹೊಸ ಅಲೆಯೇ ಎದ್ದಿತು. ನಿಜವಾದ ಬೆಲೆ ತೆತ್ತವರು ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ, ಅದೂ ಬೇರೆ ಕಾರಣಕ್ಕೆ. ತುರ್ತುಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾಗಿ, ಬೆಂಗಳೂರಿನ ಜೈಲಿನಲ್ಲಿ ಆರೋಗ್ಯ ಕೆಟ್ಟು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಕಾದಂಬರಿ, ಕಥೆಗಳ ಕೊಂಕನ್ನು ತೆರೆಗೆ ತಂದ ಕನ್ನಡ ಚಿತ್ರಗಳು ಬೇರೆಯೂ ಇವೆ. ಶ್ರೀಕೃಷ್ಣ ಆಲನಹಳ್ಳಿಯವರ ‘ಪರಸಂಗದ ಗೆಂಡೆತಿಮ್ಮ’ 1978ರಲ್ಲಿ ಚಿತ್ರವಾಯಿತು. ಪೇಟೆಯ ಗೀಳು ಹಳ್ಳಿಗೆ ಹೊಕ್ಕ ಕಥೆಯ ಒಗರನ್ನು ರಾಜನ್-ನಾಗೇಂದ್ರರ ಇಂಪಾದ ಹಾಡುಗಳು ಕೊಂಚ ಸಿಹಿ ಮಾಡಿದವು. ಪೂರ್ಣಚಂದ್ರ ತೇಜಸ್ವಿಯವರ ‘ಕಿರಗೂರಿನ ಗಯ್ಯಾಳಿಗಳು’ ಸುಮನಾ ಕಿತ್ತೂರರ ಕೈಯಲ್ಲಿ 2016ರಲ್ಲಿ ತೆರೆಗೆ ಬಂತು. ತೇಜಸ್ವಿಯವರದೇ ಕಥೆಯಿಂದ ಗಿರೀಶ ಕಾಸರವಳ್ಳಿ ಮಾಡಿದ ‘ತಬರನ ಕಥೆ’ಯಲ್ಲಿ ಕಚೇರಿಯ ಕಡತಗಳ ಕ್ರೌರ್ಯ ನಗೆಯನ್ನೇ ಆರಿಸಿಬಿಡುತ್ತದೆ. ಮೂಲದ ದನಿಯನ್ನು ಕಳೆದುಕೊಳ್ಳದೆ ಉಳಿಸಿಕೊಂಡದ್ದರಲ್ಲಿ ಈ ಕೊನೆಯದೇ ‘ಸಂಸ್ಕಾರ’ಕ್ಕೆ ಹತ್ತಿರ.

ಕಾದಂಬರಿಗೂ ಸಿನಿಮಾಕ್ಕೂ ನಡೆಯುವ ಈ ಜಗ್ಗಾಟ ನಮ್ಮ ಚಿತ್ರದುರ್ಗದ ಸೀಮೆಗೆ ಚೆನ್ನಾಗಿ ಗೊತ್ತು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಮಾಡಿದರು. ಕೋಟೆಯ ಕಲ್ಲುಬಂಡೆಗಳು ನಾಡಿಗೆಲ್ಲ ಪರಿಚಯವಾದವು, ಚಿತ್ರ ಭಾರಿ ಯಶಸ್ಸು ಕಂಡಿತು. ಮೂಲ ಲೇಖಕರಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ತಮ್ಮ ನಾಗರಹಾವು ಕೇರೆಹಾವಾಯಿತೆಂದು ಅವರು ಅಂದ ಮಾತು ಇಂದಿಗೂ ಇಲ್ಲಿನವರ ಬಾಯಲ್ಲಿದೆ. 1975ರಲ್ಲಿ ಜಿ.ವಿ. ಅಯ್ಯರ್ ತೆರೆಗೆ ತಂದ ‘ಹಂಸಗೀತೆ’ಯೂ ತ.ರಾ.ಸು. ಅವರದೇ, ದುರ್ಗದ ಹಳೆಯ ಕಾಲದ್ದೇ. ಅಲ್ಲಿ ವಿಡಂಬನೆಯ ಹಂಗಿಲ್ಲದೆ ಸಂಗೀತವೇ ಮುಂದೆ ಬಂದದ್ದರಿಂದ ತೆರೆಗೆ ಬರುವ ದಾರಿ ಹಗುರವಾಯಿತು.

ಸಿರಿಗೆರೆಯಂಥ ಊರಿನಲ್ಲಿ ‘ಸಂಸ್ಕಾರ’ವನ್ನು ನೋಡುವುದಕ್ಕೆ ಇನ್ನೊಂದು ಹಿನ್ನೆಲೆ ಇದೆ. ಒಣ ಆಚರಣೆಯನ್ನು ಎಲ್ಲರ ಮುಂದೆ ಪ್ರಶ್ನಿಸುವುದು ಇಲ್ಲಿ ಹೊಸದಲ್ಲ. ಇಲ್ಲಿನ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರು ಶರಣರ ಕಾಲದ ಕಲ್ಯಾಣವನ್ನು ‘ಮರಣವೇ ಮಹಾನವಮಿ’ ನಾಟಕವಾಗಿ ಬರೆದರು, ತರಳಬಾಳು ಕಲಾಸಂಘ ಅದನ್ನು ರಂಗಕ್ಕೆ ತಂದಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1987ರಲ್ಲಿ ಹುಟ್ಟಿದ ಶಿವಕುಮಾರ ಕಲಾಸಂಘ 1997ರಿಂದ ಶಿವಸಂಚಾರದ ಮೂಲಕ ನಾಡಿನುದ್ದಕ್ಕೂ ನಾಟಕಗಳನ್ನು ಒಯ್ಯುತ್ತಿದೆ. ಬಯಲಲ್ಲಿ, ಎಲ್ಲ ಜಾತಿಯವರ ನಡುವೆ ಕೂತು, ತಮ್ಮ ಹಿರಿಯರ ಮೇಲಿನ ಟೀಕೆಯನ್ನೂ ಕೇಳುವ ಅಭ್ಯಾಸ ಇಲ್ಲಿನ ಪ್ರೇಕ್ಷಕರಿಗೆ ಇದೆ. ಆ ಅಭ್ಯಾಸ ಇರುವಲ್ಲಿ ಒಂದು ಎಚ್ಚರವೂ ಬೇಕು. ‘ಸಂಸ್ಕಾರ’ ಮಾಧ್ವ ಅಗ್ರಹಾರದ ಒಳಗಿನವರೇ ಬರೆದ ಕೃತಿ. ಅದನ್ನು ಹೊರಗೆ ನಿಂತು, ಬೇರೆಯವರ ಮನೆಯ ಹುಳುಕು ನೋಡಿ ನಗುವುದಕ್ಕೆ ಬಳಸಿಕೊಂಡರೆ ಚಿತ್ರ ಕೈಗೆ ಹತ್ತುವುದಿಲ್ಲ. ಒಡವೆ ಕಂಡಾಗ ಶಾಸ್ತ್ರ ಮರೆಯುವವರು ಯಾವ ಕೇರಿಯಲ್ಲಿಲ್ಲ ಎಂದು ತನ್ನ ಕೇರಿಯ ಕಡೆಗೇ ತಿರುಗುವ ಪ್ರೇಕ್ಷಕನಿಗೆ ಈ ಚಿತ್ರ ಕೊಡುವುದು ಬಹಳ.

ಇಂದು ಪದವಿ ತರಗತಿಗಳಲ್ಲಿ ಕಾದಂಬರಿಯನ್ನು ಪಾಠ ಮಾಡುವುದುಂಟು, ಚಿತ್ರವನ್ನು ತೋರಿಸುವುದು ಅಪರೂಪ. ಚಿತ್ರ ಮಾತ್ರ ನೋಡಿ ಕಾದಂಬರಿ ಓದಿದ್ದೇವೆ ಎನ್ನುವವರೂ ಹೆಚ್ಚುತ್ತಿದ್ದಾರೆ. ಎರಡೂ ಅರೆಬರೆ. ಮೊದಲು ಕಾದಂಬರಿಯ ಮೊದಲ ಭಾಗ ಓದಿ, ಚಿತ್ರವನ್ನು ಪೂರ್ತಿ ನೋಡಿ, ಆಮೇಲೆ ಕಾದಂಬರಿಯ ಉಳಿದ ಭಾಗ ಓದುವುದು ಒಳ್ಳೆಯ ಕ್ರಮ. ಎಲ್ಲಿ ಮುಖ ಸಾಕಾಯಿತು, ಎಲ್ಲಿ ಮಾತು ಬೇಕಾಯಿತು ಎಂಬುದು ಆಗ ವಿದ್ಯಾರ್ಥಿಗೆ ತಾನಾಗಿಯೇ ತಿಳಿಯುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಾಲೇಜುಗಳ ಕನ್ನಡ ವಿಭಾಗಗಳು ಈ ಕೆಲಸವನ್ನು ವರ್ಷಕ್ಕೊಮ್ಮೆಯಾದರೂ ಕೈಗೊಳ್ಳಬೇಕು. ಚಿತ್ರದ ಅವಧಿ ಎರಡು ಗಂಟೆಗೂ ಕಡಿಮೆ. ಒಂದು ಮಧ್ಯಾಹ್ನ ಸಾಕು.